ವಾಯುದೇವರು, ಪವಿತ್ರಾತ್ಮ ಮತ್ತು 4000 ಬಾಳೆಹಣ್ಣು

ಶ್ರೀ ಗುರುಭ್ಯೋ ನಮಃ. ಹರಿಃ ಓಂ.

ಪ್ರಾಣದೇವರ ಮೇಲಿನ ದೇವರನಾಮಗಳ ಅರ್ಥ ಹೇಳುವಾಗ, ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಒಂದು ಪ್ರಶ್ನೆ ಕೇಳೇ ಕೇಳ್ತಾರೆ: "ವಾಯು ಅಂದ್ರೆ ಕ್ರಿಶ್ಚಿಯನ್ನರ ಹೋಲಿ ಸ್ಪಿರಿಟ್ ಥರಾನೇ ಅಲ್ವಾ?" ಕಾಲೇಜಿನಲ್ಲಿ ರಿಲಿಜನ್ ಕ್ಲಾಸ್ ತಗೊಂಡವರು ಇನ್ನೊಂದು ಹೆಜ್ಜೆ ಮುಂದೆ ಹೋಗ್ತಾರೆ: "ಮಧ್ವಾಚಾರ್ಯರು ಇದನ್ನೆಲ್ಲ ಕ್ರೈಸ್ತರಿಂದ ತಗೊಂಡ್ರು ಅಂತ ಓದಿದೆ, ನಿಜಾನಾ?" ಗದರಿಸಿ ಕೂರಿಸೋದು ಸುಲಭ. ಆದರೆ ಪ್ರಶ್ನೆ ಒಳ್ಳೆಯದು, ಅದಕ್ಕೆ ಸರಿಯಾದ ಉತ್ತರವೂ ಇದೆ.

ಈ ವಾದ ಇವತ್ತಿನದಲ್ಲ. 1870ರ ದಶಕದಲ್ಲಿ ಎ. ಸಿ. ಬರ್ನೆಲ್ ಇದರ ಬೀಜ ಹಾಕಿದರು. 20ನೇ ಶತಮಾನದ ಆರಂಭದಲ್ಲಿ ಗ್ರಿಯರ್ಸನ್ ಅದನ್ನು ಬೆಳೆಸಿದರು. ಇಬ್ಬರೂ ದೊಡ್ಡ ವಿದ್ವಾಂಸರೇ, ಅದರಲ್ಲಿ ಸಂಶಯವಿಲ್ಲ. ವಾದ ಹೀಗಿದೆ: 6ನೇ ಶತಮಾನದ ಕಾಸ್ಮಸ್ ಎಂಬ ಗ್ರೀಕ್ ಲೇಖಕ 'ಕಲ್ಲಿಯಾನ' ಎಂಬ ಊರಲ್ಲಿ ಕ್ರೈಸ್ತ ಬಿಷಪ್ ಇದ್ದಾನೆ ಅಂತ ಬರೆದ. ಉಡುಪಿಯ ಹತ್ತಿರ ಕಲ್ಯಾಣಪುರ ಇದೆ. ಮಧ್ವಮತದಲ್ಲಿ ದೇವರಿಗೂ ಜೀವರಿಗೂ ನಡುವೆ ವಾಯುದೇವರಿದ್ದಾರೆ, ನಿತ್ಯನರಕದ ಮಾತಿದೆ. ಆಚಾರ್ಯರ ಚರಿತ್ರೆಯಲ್ಲಿ ನೀರು ದಾಟಿದ, ಸ್ವಲ್ಪ ಆಹಾರವನ್ನು ಬಹಳ ಮಾಡಿದ ಕಥೆಗಳಿವೆ. ಅಂದಮೇಲೆ ಇದೆಲ್ಲ ಅಲ್ಲಿಂದಲೇ ಬಂದಿರಬೇಕು!

ಊರಿನ ವಿಷಯ ಬೇಗ ಮುಗಿಸೋಣ. ಕಾಸ್ಮಸ್ ಹೇಳಿದ ಊರು ಮುಂಬೈ ಪಕ್ಕದ ಕಲ್ಯಾಣ್ ಅನ್ನೋದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಅದು ಕಲ್ಯಾಣಪುರವೇ ಅಂತ ಒಪ್ಪಿದರೂ ಆ ಬರಹಕ್ಕೂ 13ನೇ ಶತಮಾನದ ಆಚಾರ್ಯರಿಗೂ ನಡುವೆ ಸುಮಾರು 700 ವರ್ಷದ ಅಂತರ. ಪಕ್ಕದ ಊರಲ್ಲಿ ಯಾರೋ ಇದ್ದರು ಅಂದಮಾತ್ರಕ್ಕೆ ಅವರ ಶಾಸ್ತ್ರ ನಮ್ಮ ಮನೆಗೆ ಬಂತು ಅಂತ ಹೇಳೋಕಾಗುತ್ತಾ?

ನಿಜವಾದ ವಿಷಯ ವಾಯುವಿನದು. ಹೀಬ್ರೂವಿನ 'ರೂಆಖ್', ಗ್ರೀಕಿನ 'ಪ್ನ್ಯೂಮಾ' ಎರಡಕ್ಕೂ ಗಾಳಿ, ಉಸಿರು ಅನ್ನೋ ಅರ್ಥ ಇದೆ. ನಮ್ಮ ವಾಯು, ಪ್ರಾಣ ಶಬ್ದಗಳಿಗೂ ಅದೇ ಅರ್ಥ. ಹಾಗಾಗಿ ಮಕ್ಕಳಿಗೆ ಒಂದೇ ಅನ್ನಿಸೋದು ಸಹಜ. ಆದರೆ ಆ ಶಬ್ದ ಅದರ ಮನೆಯಲ್ಲಿ ಏನು ಕೆಲಸ ಮಾಡ್ತಾ ಇದೆ ಅಂತ ನೋಡಬೇಕು. ಕ್ರೈಸ್ತರ ಪವಿತ್ರಾತ್ಮ ದೇವರೇ. ತಂದೆ, ಮಗ, ಪವಿತ್ರಾತ್ಮ ಮೂವರೂ ಸಮಾನರು. ನಮ್ಮ ವಾಯುದೇವರು ಜೀವೋತ್ತಮರು, ಅಂದರೆ ಜೀವರು. ಎಷ್ಟೇ ಉತ್ತಮರಾದರೂ ಹರಿಗೆ ಅಧೀನರು. ಸ್ವತಂತ್ರನು ಹರಿಯೊಬ್ಬನೇ. ಅದಲ್ಲದೆ ವಾಯು ಒಂದು ಪದವಿ. ಋಜುಗಣದ ಜೀವರು ಕ್ರಮವಾಗಿ ಆ ಪದವಿಗೆ ಬರ್ತಾರೆ, ಇಂದಿನ ವಾಯು ಮುಂದಿನ ಕಲ್ಪದಲ್ಲಿ ಬ್ರಹ್ಮ. ಹೀಗೆ ಬಡ್ತಿ ಪಡೆಯುವ ಪವಿತ್ರಾತ್ಮನನ್ನು ಯಾವ ಪಾದ್ರಿಯೂ ಒಪ್ಪಲ್ಲ! ಇನ್ನು ವಾಯುವನ್ನು ಹರಿಗೆ ಸಮಾನ ಮಾಡಿದರೆ ಪಂಚಭೇದದಲ್ಲಿ ಮೊದಲನೆಯದಾದ ಜೀವ-ಈಶ ಭೇದವೇ ಬಿದ್ದುಹೋಗುತ್ತೆ. ಆಚಾರ್ಯರು ಜೀವನವಿಡೀ ಯಾವುದನ್ನು ಅಲ್ಲಗಳೆದರೋ ಅದನ್ನೇ ಅವರ ಬಾಯಲ್ಲಿ ಹೇಳಿಸಿದ ಹಾಗಾಯ್ತು.

ಮೂಲ ಬೇಕಿದ್ದರೆ ಹತ್ತಿರದಲ್ಲೇ ಇದೆ. ಇಂದ್ರಿಯಗಳೆಲ್ಲ ನಾನು ದೊಡ್ಡವನು ತಾನು ದೊಡ್ಡವನು ಅಂತ ಜಗಳವಾಡಿ ಕೊನೆಗೆ ಪ್ರಾಣನೇ ಶ್ರೇಷ್ಠ ಅಂತ ಒಪ್ಪುವ ಕಥೆ ಛಾಂದೋಗ್ಯದ 5ನೇ ಅಧ್ಯಾಯದಲ್ಲಿದೆ, ಬೃಹದಾರಣ್ಯಕದಲ್ಲೂ ಇದೆ. ಹನುಮ-ಭೀಮ-ಮಧ್ವ ಎಂಬ ಮೂರು ಅವತಾರಗಳಿಗೆ ಆಚಾರ್ಯರು ಆಧಾರವಾಗಿ ಹಿಡಿದದ್ದು ಋಗ್ವೇದದ ಬಳಿತ್ಥಾ ಸೂಕ್ತವನ್ನು. ಮನೆಯ ಬಾವಿ ತುಂಬಿರುವಾಗ ದೂರದೂರಿನ ನೀರಿನ ಲೆಕ್ಕ ಯಾಕೆ?

ಪವಾಡಗಳ ವಿಷಯದಲ್ಲಿ ಒಂದು ತಮಾಷೆ ಇದೆ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಆಚಾರ್ಯರು ಗೋವೆಯಲ್ಲಿ 4000 ಬಾಳೆಹಣ್ಣು ತಿಂದು 30 ಕೊಡ ಹಾಲು ಕುಡಿದರು ಅಂತ ಬರುತ್ತೆ. ಬೈಬಲಿನಲ್ಲಿ ಇದಕ್ಕೆ ಜೋಡಿ ಹುಡುಕಿ ನೋಡಿ, ಸಿಗಲ್ಲ. ಅದಕ್ಕೇ ಹೋಲಿಸುವವರು ಈ ಕಥೆ ಬಂದಾಗ ಸುಮ್ಮನಾಗ್ತಾರೆ. ನಮಗಾದರೋ ಗುಟ್ಟು ಗೊತ್ತು, ಇದು ವೃಕೋದರನಾದ ಭೀಮನ ಹೊಟ್ಟೆ! ಅದೇ ಕಣ್ಣಿಂದ ನೀರು ದಾಟಿದ ಕಥೆ ನೋಡಿ, ಸಮುದ್ರ ಹಾರಿದ ಹನುಮಂತ ಕಾಣ್ತಾನೆ. ಇಡೀ ಕಾವ್ಯ ಓದಿದರೆ ಕಥೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಎರಡು ಕಥೆ ಆರಿಸಿ ಮಿಕ್ಕಿದ್ದು ಬಿಟ್ಟರೆ ಯಾವುದನ್ನು ಯಾವುದಕ್ಕೆ ಬೇಕಾದರೂ ಹೊಂದಿಸಬಹುದು.

ನಿತ್ಯನರಕದ ಮಾತಿಗೂ ಹೀಗೇ. ಆಚಾರ್ಯರ ಪ್ರಕಾರ ಜೀವನು ಅನಾದಿ, ಯಾರೂ ಸೃಷ್ಟಿಸಿದವನಲ್ಲ. ಮುಕ್ತಿಯೋಗ್ಯ, ನಿತ್ಯಸಂಸಾರಿ, ತಮೋಯೋಗ್ಯ ಎಂಬ ಭೇದ ಅವನ ಸ್ವರೂಪದಲ್ಲೇ ಇದೆ. ಕ್ರೈಸ್ತರ ಆತ್ಮವೋ ದೇವರು ಸೃಷ್ಟಿಸಿದ್ದು. ಯುರೋಪಿನಲ್ಲಿ ಯಾರಿಗೆ ಮೋಕ್ಷ, ಯಾರಿಗೆ ನರಕ ಅನ್ನೋದು ದೇವರ ಪೂರ್ವನಿರ್ಣಯ ಅಂತ ಕಟುವಾಗಿ ಸಾರಿದ ಕ್ಯಾಲ್ವಿನ್ ಹುಟ್ಟಿದ್ದು 1509ರಲ್ಲಿ. ಹೋಲಿಕೆಯೇ ಸಾಕ್ಷಿಯಾದರೆ ಕ್ಯಾಲ್ವಿನ್ ಉಡುಪಿಯಲ್ಲಿ ಪಾಠ ಹೇಳಿಸಿಕೊಂಡ ಅನ್ನಬೇಕಾಗುತ್ತೆ! ಹಾಗೆ ಯಾರೂ ಅನ್ನಲ್ಲ.

ಸ್ಯಾಮ್ಯುಯೆಲ್ ಸ್ಯಾಂಡ್ಮೆಲ್ ಎಂಬ ಯಹೂದಿ ವಿದ್ವಾಂಸರು 1962ರಲ್ಲಿ ಪ್ರಕಟವಾದ ಭಾಷಣವೊಂದರಲ್ಲಿ ಈ ಚಟವನ್ನು 'ಪ್ಯಾರಲಲೋಮೇನಿಯಾ' ಅಂತ ಕರೆದು ಎಚ್ಚರಿಸಿದರು. ಹೋಲಿಕೆಯ ಹುಚ್ಚು ಅಂತಿಟ್ಟುಕೊಳ್ಳಿ. ಅವರು ಹೇಳಿದ್ದು ಬೈಬಲ್ ಪಂಡಿತರಿಗೆ, ಆದರೆ ನಮ್ಮ ವಾಟ್ಸ್ಯಾಪ್ ಗುಂಪುಗಳಿಗೂ ಅದು ಬೇಕು. "ಕ್ರೈಸ್ಟ್ ಅಂದರೆ ಕೃಷ್ಣನೇ" ಅಂತ ಹಬ್ಬಹಬ್ಬಕ್ಕೂ ಮೆಸೇಜ್ ಬರುತ್ತಲ್ಲ! ಕೃಷ್ಣ ಶಬ್ದದ ಸಾಮಾನ್ಯ ಅರ್ಥ ಕಪ್ಪು ಬಣ್ಣದವನು. ಕ್ರಿಸ್ತೋಸ್ ಅನ್ನೋದು ಗ್ರೀಕ್ ಪದ, ಅಭಿಷಿಕ್ತ ಅಂತ ಅರ್ಥ, ಹೀಬ್ರೂವಿನ ಮೆಸ್ಸಾಯನ ಅನುವಾದ. ಕಿವಿಗೆ ಒಂದೇ ಥರ ಕೇಳಿಸ್ತು, ಅಷ್ಟೇ. ಗ್ರಿಯರ್ಸನ್ ವಾದ ಬೇಡ ಅನ್ನುವವರು ಈ ಮೆಸೇಜನ್ನೂ ಫಾರ್ವರ್ಡ್ ಮಾಡಬಾರದು. ತಕ್ಕಡಿ ಎರಡೂ ಕಡೆ ಒಂದೇ ಇರಬೇಕು.

ಹಾಗಾದರೆ ಮತಗಳು ಒಂದರಿಂದ ಒಂದು ತಗೊಂಡೇ ಇಲ್ವಾ? ತಗೊಂಡಿವೆ. ಮಧ್ಯಯುಗದ ಯುರೋಪಿನಲ್ಲಿ ಜೋಸಫಾತ್ ಎಂಬ ಸಂತ ಬಹಳ ಪ್ರಸಿದ್ಧ, ರಾಜ್ಯ ಬಿಟ್ಟು ತಪಸ್ಸಿಗೆ ಹೋದ ಭಾರತದ ರಾಜಕುಮಾರ. ಅದು ಬುದ್ಧನ ಕಥೆ. ಬೋಧಿಸತ್ತ್ವ ಅನ್ನೋದು ಅರಬ್ಬಿಯಲ್ಲಿ ಬೂದಾಸಫ್ ಆಯ್ತು. ಅರಬ್ಬಿ ಲಿಪಿಯಲ್ಲಿ ಅಲ್ಲಿನ 'ಬ'ಗೂ 'ಯ'ಗೂ ಚುಕ್ಕಿಯದೇ ವ್ಯತ್ಯಾಸ, ಹಾಗಾಗಿ ಯೂದಾಸಫ್ ಆಯ್ತು. ಜಾರ್ಜಿಯನ್, ಗ್ರೀಕ್, ಲ್ಯಾಟಿನ್ ದಾಟಿ ಜೋಸಫಾತ್ ಆಯ್ತು. ದಾರಿಯ ಒಂದೊಂದು ಮೆಟ್ಟಿಲಿಗೂ ಗ್ರಂಥವಿದೆ. ಕಲ್ಯಾಣಪುರದಿಂದ ಉಡುಪಿಗೆ ಅಂಥ ಒಂದು ಮೆಟ್ಟಿಲನ್ನೂ ಬರ್ನೆಲ್ ಆಗಲಿ ಗ್ರಿಯರ್ಸನ್ ಆಗಲಿ ತೋರಿಸಲಿಲ್ಲ.

ಮುಂದಿನ ಪಾಠದಲ್ಲಿ ಹರಿಕಥಾಮೃತಸಾರದಲ್ಲಿ ಬರುವ ತಾರತಮ್ಯವನ್ನು ನೋಡೋಣ. ಮಕ್ಕಳನ್ನೂ ಕೂರಿಸಿಕೊಳ್ಳಿ, ಪ್ರಶ್ನೆ ಕೇಳಲಿ.

ಶ್ರೀಕೃಷ್ಣಾರ್ಪಣಮಸ್ತು.