ಜೀಪಿಗೆ ವಿದ್ಯುತ್ ವಿಂಚ್

ಮಳೆಗಾಲದಲ್ಲಿ ಬಾಳ್ಳುಪೇಟೆಯ ಹೆದ್ದಾರಿ ಬಿಟ್ಟು ತೋಟದ ದಾರಿಗಿಳಿದ ಜೀಪು ಕೆಸರಿನಲ್ಲಿ ಹೂತರೆ, ಮುಂಭಾಗದಲ್ಲೊಂದು ವಿಂಚ್ ಇರುವುದು ಅನುಕೂಲವೇ ಸರಿ. ಆದರೆ ಅಗ್ಗದ ವಿಂಚನ್ನು ಕೊಳ್ಳುವವರು ಅದರ ಮೇಲಿನ ಅಂಕಿಗೆ ಮರುಳಾಗಬಾರದು. 9500 ಪೌಂಡು, ಎಂದರೆ ಸುಮಾರು 4300 ಕಿಲೋಗ್ರಾಂ, ಎಂದು ಬರೆದಿರುವ ಬಲವು ಉರುಳೆಯ ಮೇಲೆ ಹಗ್ಗದ ಮೊದಲನೆಯ ಪದರವಷ್ಟೇ ಉಳಿದಿರುವಾಗ ದೊರೆಯತಕ್ಕದ್ದು. ಪದರ ಏರಿದಂತೆ ತ್ರಿಜ್ಯ ಹೆಚ್ಚಿ ಎಳೆತ ಕುಗ್ಗುತ್ತದೆ.

ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಬಲವಿರಬೇಕೆಂಬುದು ವಾಡಿಕೆಯ ಲೆಕ್ಕ. ಸಾಲದೆ ಹೋದರೆ ಮರಕ್ಕೊಂದು ರಾಟೆ ಕಟ್ಟಿ, ಹಗ್ಗದ ತುದಿಯನ್ನು ಗಾಡಿಗೇ ಹಿಂದಕ್ಕೆ ತಂದು ಬಿಗಿಯಬೇಕು; ಬಲವು ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಬಾವಿಯ ರಾಟೆ ದಿಕ್ಕನ್ನಷ್ಟೇ ಬದಲಿಸುತ್ತದೆಂಬುದನ್ನು ನೆನೆದರೆ ಈ ಭೇದ ತಿಳಿಯುತ್ತದೆ. ದೊಡ್ಡ ವಿಂಚಿಗಿಂತ ಈ ರಾಟೆಗೆ ಹಣ ಹಾಕುವುದೇ ಜಾಣತನ.

ವಿಂಚನ್ನು ಬಂಪರಿನ ತಗಡಿಗಲ್ಲ, ಚಾಸಿಸಿಗೆ ಬೋಲ್ಟು ಹಾಕಿ ಕೂರಿಸಬೇಕು. ಪೂರ್ಣ ಎಳೆತದಲ್ಲಿ 12 ವೋಲ್ಟಿನ ಮೋಟಾರು ಸುಮಾರು 400 ಆಂಪಿಯರ್ ಹೀರುವುದರಿಂದ ದಪ್ಪ ತಾಮ್ರದ ತಂತಿ ಬೇಕು. ಎಂಜಿನು ಓಡುತ್ತಿರಲಿ, ನಡುನಡುವೆ ಮೋಟಾರಿಗೆ ಬಿಡುವಿರಲಿ.

ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕಿಗೆ ಕಟ್ಟಬೇಡಿ. ಗಾಡಿ ಬಂದೀತು, ಬಳ್ಳಿ ಹೋದೀತು. ಬರಿಯ ಮರದ ಬುಡಕ್ಕೆ ಅಗಲವಾದ ಪಟ್ಟಿ ಸುತ್ತಿ, ಬಿಗಿದ ಉಕ್ಕಿನ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಎಲ್ಲರನ್ನೂ ದೂರ ಸರಿಸಿದ ಮೇಲೆಯೇ ಗುಂಡಿ ಒತ್ತತಕ್ಕದ್ದು.