ಒಬ್ಬರಿಗೆ ನಾಲ್ಕು ಹೆಸರು



ಪ್ರಥಮ ಪಿಯುಸಿಗೆ ಸೇರಲು ಬಂದವರ ಕಾಗದಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡಾಗ, ಕಾಲೇಜಿನ ಕಚೇರಿಯಲ್ಲಿರುವ ನಾವು ಮೊದಲು ನೋಡುವುದು ಹೆಸರನ್ನು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು ರೀತಿ, ಜಾತಿ ಪ್ರಮಾಣಪತ್ರದಲ್ಲಿ ಯಾವುದಕ್ಕೂ ಸೇರದ ನಾಲ್ಕನೆಯದು. ಎದುರಿಗೆ ನಿಂತಿರುವ ಹುಡುಗ ಮಾತ್ರ ಒಬ್ಬನೇ. "ಒಂದಕ್ಷರ ತಾನೇ ಸಾರ್, ನಡೆಯುತ್ತೆ ಬಿಡಿ" ಎಂದು ಜೊತೆಯಲ್ಲಿ ಬಂದವರು ಹೇಳುತ್ತಾರೆ. ಕೆಲವು ವರ್ಷ ನಡೆಯುತ್ತದೆ, ನಿಜ. ನಿಂತುಹೋಗುವುದು ನಿಮಗೆ ಅದು ಬಹಳ ಬೇಕಾದ ದಿನವೇ.

ನಮ್ಮ ಮನೆಗಳ ಹೆಸರುಗಳಲ್ಲಿ ಈ ತೊಂದರೆ ತುಸು ಹೆಚ್ಚು. ಮೊಹಮ್ಮದ್ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬರು 'ಓ' ಹಾಕಿ ಬರೆಯುತ್ತಾರೆ, ಒಬ್ಬರು 'ಯು' ಹಾಕಿ. ಒಬ್ಬರಿಗೆ ನಡುವೆ ಒಂದೇ 'ಎಂ', ಇನ್ನೊಬ್ಬರಿಗೆ ಎರಡು. ಅವಸರದಲ್ಲಿರುವವರು 'ಎಂಡಿ' ಎಂದು ಮುಗಿಸಿಬಿಡುತ್ತಾರೆ. ಹುಡುಗಿಯರ ಹೆಸರಿನ ಕೊನೆಯ ಬಾನು ಅಂಗನವಾಡಿ ಪುಸ್ತಕದಲ್ಲಿರುತ್ತದೆ, ಶಾಲೆಯ ರಿಜಿಸ್ಟರಿನಲ್ಲಿ ಬಿದ್ದುಹೋಗಿರುತ್ತದೆ, ರೇಷನ್ ಕಾರ್ಡಿನಲ್ಲಿ ಬೇಗಂ ಆಗಿ ಎದ್ದು ಬಂದಿರುತ್ತದೆ. ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಪ್ರತಿ ಹಂತದಲ್ಲೂ ಒಂದಕ್ಷರ ಅಲುಗುತ್ತದೆ. ಬೇರೆ ಮನೆಗಳಲ್ಲೂ ಲಕ್ಷ್ಮಮ್ಮ ಲಕ್ಷ್ಮೀದೇವಮ್ಮ ಆಗುವುದುಂಟು, ಇನಿಷಿಯಲ್ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ ಕೂರುವುದುಂಟು.

ಇದರ ಬೆಲೆ ನಮ್ಮ ಮನೆಯಲ್ಲಿ ತಿಳಿದದ್ದು ದಾದಾ ತೀರಿಕೊಂಡ ಮೇಲೆ. ಪಹಣಿಯಲ್ಲಿ ಇದ್ದದ್ದು ಊರವರು ಕರೆಯುತ್ತಿದ್ದ, 'ಸಾಬ್' ಸೇರಿದ ಹೆಸರು. ಮರಣ ಪ್ರಮಾಣಪತ್ರದಲ್ಲಿ ಬಂದದ್ದು ಆಧಾರ್‌ನ ಹೆಸರು. ಪೌತಿ ಖಾತೆ ಮಾಡಿಸಬೇಕಾದರೆ ಆ ಇಬ್ಬರೂ ಒಬ್ಬರೇ ಎಂದು ತೋರಿಸಬೇಕಲ್ಲ? ವಂಶವೃಕ್ಷ, ನೋಟರಿ ಮಾಡಿಸಿದ ಅಫಿಡವಿಟ್ಟು, ಹಳೆಯ ಕಂದಾಯ ರಸೀತಿ ಎಂದು ಅಬ್ಬಾ ತಿಂಗಳುಗಟ್ಟಲೆ ಅಲೆದರು. ಒಬ್ಬರು ಒಪ್ಪಿದ ಅಫಿಡವಿಟ್ಟನ್ನು ಇನ್ನೊಬ್ಬರು ಒಪ್ಪಲಿಲ್ಲ. (ಆ ಪಹಣಿಯಲ್ಲಿ ನನಗೆ ಹಿಡಿಸಿದ್ದು ಒಂದೇ: 'ಬಿನ್' ಎಂಬ ಪದ. 'ಮಗ' ಎಂಬ ಅರ್ಥದ ಈ ಅರಬ್ಬೀ ಮಾತು ನಮ್ಮ ಕಂದಾಯ ಕಾಗದಗಳಲ್ಲಿ ಎಲ್ಲ ಜಾತಿಯವರ ಹೆಸರಿನ ನಡುವೆಯೂ ಹಾಯಾಗಿ ಕೂತಿದೆ.)

ನಿಮ್ಮ ಕಾಗದಗಳಲ್ಲಿ ಯಾವುದನ್ನು ಮೂಲ ಎಂದು ಹಿಡಿಯಬೇಕು? ಹತ್ತನೆಯ ತರಗತಿ ಮುಗಿಸಿದವರಿಗೆ ನನ್ನ ಸಲಹೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಪಿಯುಸಿ, ಡಿಗ್ರಿ, ಸಿಇಟಿ, ಸರ್ಕಾರಿ ನೌಕರಿ ಎಲ್ಲದರಲ್ಲೂ ಹೆಸರಿಗೂ ಹುಟ್ಟಿದ ದಿನಾಂಕಕ್ಕೂ ಅದನ್ನೇ ಕೇಳುತ್ತಾರೆ. ತಿದ್ದಲು ಎಲ್ಲಕ್ಕಿಂತ ಕಷ್ಟವಾದದ್ದೂ ಅದೇ. ಆದ್ದರಿಂದ ಅದರಲ್ಲಿ ಹೇಗಿದೆಯೋ ಹಾಗೆ ಉಳಿದವನ್ನು ತಿದ್ದಿಸಿಕೊಳ್ಳಿ. ಅಂಕಪಟ್ಟಿಯಲ್ಲೇ ನಿಜವಾದ ತಪ್ಪಿದ್ದರೆ, ತಂದೆಯ ಹೆಸರೇ ಬೇರೆಯಾಗಿದ್ದರೆ, ತಡ ಮಾಡದೆ ನೀವು ಓದಿದ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಬಳಿ ಹೋಗಿ; ಅರ್ಜಿ ಅವರ ಮೂಲಕವೇ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಪರೀಕ್ಷಾ ಮಂಡಲಿಗೆ ಹೋಗಬೇಕು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಸರಿಯಾಗಿದ್ದು ಅಂಕಪಟ್ಟಿಯಲ್ಲಿ ಮಾತ್ರ ತಪ್ಪಿದ್ದರೆ ಕೆಲಸ ಸುಲಭ. ದ್ವಿತೀಯ ಪಿಯುಸಿ ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ ನಿಮಗೆ ವಿವರಗಳನ್ನು ತೋರಿಸಿ ಸಹಿ ಹಾಕಿಸುತ್ತೇವೆ. ಸ್ನೇಹಿತರ ಜೊತೆ ಮಾತಾಡುತ್ತಾ ಸಹಿ ಮಾಡಬೇಡಿ. ಅಮ್ಮಿಯ ಹೆಸರನ್ನೂ ಅಕ್ಷರ ಅಕ್ಷರವಾಗಿ ಓದಿ.

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕವನ್ನು 1 ಸಲ ಮಾತ್ರ ಬದಲಿಸಲು ಸಾಮಾನ್ಯವಾಗಿ ಅವಕಾಶ. ಹೀಗಾಗಿ ಅಂದಾಜಿನ ಮೇಲೆ ತಿದ್ದಿಸಬೇಡಿ; ಅಂಕಪಟ್ಟಿ ಕೈಯಲ್ಲಿ ಹಿಡಿದೇ ಹೋಗಿ, ಆಪರೇಟರ್ ಟೈಪ್ ಮಾಡಿದ್ದನ್ನು ಪರದೆಯ ಮೇಲೆ ಓದಿ, ಸ್ವೀಕೃತಿ ಚೀಟಿಯಲ್ಲಿ ಮತ್ತೊಮ್ಮೆ ಓದಿ. 15 ತುಂಬಿದವರು ಬೆರಳಚ್ಚು, ಕಣ್ಣಿನ ಗುರುತನ್ನು ಹೊಸದಾಗಿ ಕೊಡಬೇಕೆಂಬ ನಿಯಮವೂ ಇದೆ. 15ರಿಂದ 17 ವರ್ಷದೊಳಗೆ ಒಮ್ಮೆ ಅದಕ್ಕೆ ಶುಲ್ಕವಿಲ್ಲ. ನಿಮ್ಮಲ್ಲಿ ಹಲವರಿಗೆ ಈ ವರ್ಷವೇ ಆ ವಯಸ್ಸು.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೂ ಇದೇ ಎಚ್ಚರ ಬೇಕು. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದಲ್ಲ, ಸಿಇಟಿ ಅರ್ಜಿಯಲ್ಲೂ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೂ ಕೇಳುವುದು ಅದನ್ನೇ. 2ಬಿ ಮೀಸಲಾತಿ ಇದ್ದೂ ಹೆಸರು ತಾಳೆಯಾಗದೆ ಒದ್ದಾಡಿದವರನ್ನು ಕಂಡಿದ್ದೇನೆ.

ವಿದ್ಯಾರ್ಥಿವೇತನ ಮಂಜೂರಾಗಿದೆ, ಹಣ ಮಾತ್ರ ಬಂದಿಲ್ಲ ಎಂದು ಒಬ್ಬ ಹುಡುಗಿ ಬಂದಿದ್ದಳು. ವಿಚಾರಿಸಿದರೆ ಹಣ ಬಂದಿತ್ತು, ಅವಳು ಪ್ರಾಥಮಿಕ ಶಾಲೆಯಲ್ಲಿದ್ದಾಗ ತೆರೆದು ಮರೆತಿದ್ದ ಖಾತೆಗೆ. ನೇರ ವರ್ಗಾವಣೆಯ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ನಿಮ್ಮ ಕೈಯಲ್ಲಿರುವ ಪಾಸ್‌ಬುಕ್ ಯಾವುದು ಎಂದು ಅದು ಕೇಳುವುದಿಲ್ಲ. "ಡಿಬಿಟಿಗೆ ಆಧಾರ್ ಸೀಡಿಂಗ್ ಆಗಿದೆಯೇ" ಎಂದು ಬ್ಯಾಂಕಿನಲ್ಲಿ ಇದೇ ಮಾತಿನಲ್ಲಿ ಕೇಳಿ. ಬರೀ "ಆಧಾರ್ ಲಿಂಕ್ ಆಗಿದೆಯಾ" ಎಂದರೆ ಆಗಿದೆ ಎಂದೇ ಉತ್ತರ ಸಿಗುತ್ತದೆ, ಆದರೆ ಅದು ಬೇರೆ ಜೋಡಣೆ.

ಹುಡುಗಿಯರಿಗೆ ಒಂದು ಮಾತು. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಪಾಸ್‌ಪೋರ್ಟಿಗೂ ಬೇಕಿಲ್ಲ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು ಇಟ್ಟುಕೊಂಡು ಟೀಚರ್ ಹುದ್ದೆಗೆ ಅರ್ಜಿ ಹಾಕುವವರ ಪಾಡು ನೋಡಿದರೆ, ಇದ್ದ ಹೆಸರೇ ಇರಲಿ ಎನ್ನಿಸುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲ, ಬಿಡಿಸಿ ಬರೆಯಬೇಕು. ಮುಂದೆ ಗಲ್ಫ್ ಕೆಲಸಕ್ಕೋ ಉಮ್ರಾಕ್ಕೋ ಹೊರಡುವವರು ಇದನ್ನು ನೆನಪಿಡಿ.

ಕಾಗದಗಳನ್ನು ಕಾಪಾಡುವುದು ಇನ್ನೊಂದು ಕೆಲಸ. ಮೂಲ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಹೊರದೇಶಕ್ಕೆ ಹೋಗುವಾಗ ಹಾಕಿಸಬೇಕಾದ ಮುದ್ರೆಗೆ ಅದು ಅಡ್ಡ ಬರುತ್ತದೆ. ಪ್ಲಾಸ್ಟಿಕ್ ಕವರುಗಳಿರುವ ಫೈಲಿನಲ್ಲಿಟ್ಟು ಟ್ರಂಕಿನಲ್ಲಿಡಿ. ನಮ್ಮ ದಾದಿ ಎಲ್ಲವನ್ನೂ ಬಟ್ಟೆ ಚೀಲದಲ್ಲಿ ತುಂಬಿ ಅಟ್ಟದಲ್ಲಿ ಇಟ್ಟಿದ್ದರು, ಕೊಬ್ಬರಿಯ ಪಕ್ಕದಲ್ಲಿ. ಇಲಿಗಳಿಗೆ ಎರಡೂ ಒಂದೇ. ಡಿಜಿಲಾಕರ್‌ನಲ್ಲಿ ನಿಮ್ಮ ಅಂಕಪಟ್ಟಿ ಸಿಗುತ್ತದೆ, ಅದನ್ನೂ ಇಳಿಸಿಕೊಳ್ಳಿ. ಯಾರಿಗಾದರೂ ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡವಾಗಿ ಉದ್ದೇಶ, ತಾರೀಕು ಬರೆದು ಕೊಡಿ.

ಇಂದು ಮನೆಗೆ ಹೋದವರು ತಮ್ಮ ತಂಗಿಯರ ಜನನ ಪ್ರಮಾಣಪತ್ರವನ್ನು ಒಮ್ಮೆ ತೆಗೆದು ನೋಡಿ. ಎಷ್ಟೋ ಪತ್ರಗಳಲ್ಲಿ ತಂದೆ ತಾಯಿಯ ಹೆಸರಿದ್ದು ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಹೆಸರಿಡುವ ಮುಂಚೆಯೇ ನೋಂದಣಿ ಆಗಿರುವುದರಿಂದ. ಮೊದಲ 12 ತಿಂಗಳು ಶುಲ್ಕವಿಲ್ಲದೆ, ಆಮೇಲೆ ನೋಂದಣಿಯಾದ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ ಸೇರಿಸುವುದರಿಂದ ಹಿಡಿದು ಆಧಾರ್‌ವರೆಗೆ ಜನನದ ದಿನಾಂಕಕ್ಕೆ ಕಾನೂನು ಆ ಪತ್ರವನ್ನೇ ಕೇಳುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳು ಹೇಗಿರಬೇಕು ಎಂದು ನೀವೇ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಬ್ಬಾ ಕೈಗೆ ಕೊಟ್ಟು ಕಳಿಸಿ.