ಐದನೆಯ ಮೆಟ್ಟಿಲಿನಾಚೆ

ಜೂಡೊ ಕಲಿಯುವವರು ತೊಡುವ ಉಡುಪು ದಪ್ಪ ಹತ್ತಿಬಟ್ಟೆಯದು. ಹಿಡಿದೆಳೆದರೂ ಹರಿಯದಷ್ಟು ಗಟ್ಟಿಯಾದುದು. ಅದರ ಮೇಲೆ ನಡುವಿಗೆ ಒಂದು ಪಟ್ಟಿಯನ್ನು ಬಿಗಿಯುತ್ತಾರೆ. ಹೊಸದಾಗಿ ಸೇರಿದವನ ಪಟ್ಟಿ ಬಿಳಿಯದು. ಕೆಲವು ವರ್ಷ ಬಿದ್ದು, ಎದ್ದು, ಕಲಿತವನಿಗೆ ಕರಿಯ ಪಟ್ಟಿ ದೊರೆಯುತ್ತದೆ. ಕರಿಯ ಪಟ್ಟಿ ಬಂದಿತೆಂದರೆ ವಿದ್ಯೆ ಕೈವಶವಾಯಿತೆಂದು ಹೊರಗಿನವರು ಭಾವಿಸುವುದುಂಟು. ಜಪಾನೀಯರ ಎಣಿಕೆಯೇ ಬೇರೆ. ಕರಿಯ ಪಟ್ಟಿಯ ಮೊದಲ ಅಂತಸ್ತನ್ನು ಅವರು 'ಶೊದಾನ್' ಎಂದು ಕರೆಯುತ್ತಾರೆ. ಆರಂಭದ ಮೆಟ್ಟಿಲು ಎಂದು ಅದರ ಅರ್ಥ. ಜಪಾನೀ ಭಾಷೆಯಲ್ಲಿ 'ದಾನ್' ಎಂದರೆ ಮೆಟ್ಟಿಲು. ನಮ್ಮ ದಾನಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇಂತಹ ಮೆಟ್ಟಿಲುಗಳು ಹತ್ತು. ಐದನೆಯದರವರೆಗೆ ಕರಿಯ ಪಟ್ಟಿ. ಆರರಿಂದ ಎಂಟರವರೆಗಿನವರು ಕೆಂಪು ಬಿಳುಪು ಸೇರಿದ ಪಟ್ಟಿಯನ್ನೂ, ಒಂಬತ್ತು ಹತ್ತರವರು ಕೆಂಪು ಪಟ್ಟಿಯನ್ನೂ ಧರಿಸಬಹುದು. ಮೇಲಿನ ಮೆಟ್ಟಿಲುಗಳನ್ನು ಕೇವಲ ತೋಳ್ಬಲದಿಂದ ಯಾರೂ ಏರಲಾರರು. ಎಷ್ಟು ವರ್ಷ ಸಾಧನೆ ನಡೆಯಿತು, ಎಷ್ಟು ಜನರಿಗೆ ಕಲಿಸಲಾಯಿತು, ವಿದ್ಯೆಗೆ ಯಾವ ಸೇವೆ ಸಂದಿತು ಎಂಬುದನ್ನು ಅಲ್ಲಿ ನೋಡುತ್ತಾರೆ.

ಈ ಕ್ರಮವನ್ನು ರೂಪಿಸಿದವರು ಜೂಡೊವಿನ ಸ್ಥಾಪಕರಾದ ಜಿಗೊರೊ ಕಾನೊ. ಅವರು ಹುಟ್ಟಿದ್ದು 1860ರಲ್ಲಿ. ಹುಡುಗನಾಗಿದ್ದಾಗ ಅವರದು ಸಣಕಲು ದೇಹ. ಬಲಿಷ್ಠರಾದ ಸಹಪಾಠಿಗಳ ಕೈಯಲ್ಲಿ ಪೆಟ್ಟು ತಿನ್ನುವುದು ತಪ್ಪುತ್ತಿರಲಿಲ್ಲ. ಬರಿಗೈಯಿಂದ ಎದುರಾಳಿಯನ್ನು ಕೆಡಹುವ 'ಜುಜುತ್ಸು' ಎಂಬ ಹಳೆಯ ವಿದ್ಯೆಯೊಂದಿದೆಯೆಂದು ಕೇಳಿ, ಅದನ್ನು ಕಲಿಸುವ ಗುರುವನ್ನು ಅರಸಿ ತೋಕಿಯೊ ನಗರದಲ್ಲಿ ಅಲೆದರು. ಸಾಮುರಾಯ್‌ಗಳ ಕಾಲ ಆಗಲೇ ಮುಗಿದಿದ್ದಿತು. ಜುಜುತ್ಸುವನ್ನು ಕೇಳುವವರಿರಲಿಲ್ಲ. ಆ ವಿದ್ಯೆಯನ್ನು ಬಲ್ಲವರಲ್ಲಿ ಅನೇಕರು ಮುರಿದ ಮೂಳೆ ಕಟ್ಟುವ ವೈದ್ಯದಿಂದ ಹೊಟ್ಟೆ ಹೊರೆಯುತ್ತಿದ್ದರು. ಅಂತಹ ವೈದ್ಯರೊಬ್ಬರ ಮೂಲಕವೇ 1877ರಲ್ಲಿ ಕಾನೊ ಅವರಿಗೆ ಹಾಚಿನೊಸುಕೆ ಫುಕುದಾ ಎಂಬ ಗುರು ದೊರೆತರು.

ಫುಕುದಾ ಅವರ ಪಾಠದ ರೀತಿ ವಿಚಿತ್ರವಾದುದು. ಒಂದು ಪಟ್ಟಿನಲ್ಲಿ ಕೈಯನ್ನು ಹೇಗಿಡಬೇಕು, ಕಾಲನ್ನು ಎಲ್ಲಿಡಬೇಕು ಎಂದು ಶಿಷ್ಯ ಕೇಳಿದರೆ ಗುರುವು ಬಾಯಿಂದ ಉತ್ತರ ಹೇಳುತ್ತಿರಲಿಲ್ಲ. ಅವನನ್ನು ಹಿಡಿದು ಎತ್ತಿಹಾಕುತ್ತಿದ್ದರು. ಮತ್ತೆ ಕೇಳಿದರೆ ಮತ್ತೆ ಎತ್ತಿಹಾಕುತ್ತಿದ್ದರು. ಬೀಳುತ್ತ ಬೀಳುತ್ತ ತಾನಾಗಿಯೇ ತಿಳಿಯುವುದೆಂಬುದು ಅವರ ನಂಬಿಕೆ. ಶಿಷ್ಯನಾದ ಕಾನೊ ಬಿದ್ದು ಕಲಿತರಾದರೂ ಬೀಳುವುದರ ಕಾರಣವನ್ನೂ ಯೋಚಿಸತೊಡಗಿದರು. ಮುಚ್ಚಿದ ಬಾಗಿಲನ್ನು ಒಬ್ಬನು ಬಲವಾಗಿ ತಳ್ಳುತ್ತಿರುವಾಗ ಒಳಗಿನವನು ಥಟ್ಟನೆ ಅಗುಳಿ ತೆಗೆದರೆ ತಳ್ಳುವವನು ತನ್ನ ಬಲದಿಂದಲೇ ಮುಗ್ಗರಿಸುತ್ತಾನೆ. ಎದುರಾಳಿ ತಳ್ಳಿದಾಗ ಹಿಂದೆ ಸರಿದು, ಅವನ ಸಮತೋಲ ತಪ್ಪಿದ ಕ್ಷಣದಲ್ಲಿ ಅಲ್ಪ ಬಲವನ್ನು ಪ್ರಯೋಗಿಸಿದರೆ ಸಾಕು. ಬಾಗುವುದನ್ನು, ಮೃದುವಾಗುವುದನ್ನು 'ಜು' ಎಂಬ ಪದ ಸೂಚಿಸುತ್ತದೆ. 'ದೊ' ಎಂದರೆ ದಾರಿ. ಗುರು 1879ರಲ್ಲಿ ತೀರಿಕೊಂಡರು. ಕಾನೊ ಬೇರೆ ಗುರುಗಳಲ್ಲಿಯೂ ಅಭ್ಯಾಸ ಮಾಡಿ 1882ರಲ್ಲಿ ತೋಕಿಯೊವಿನ ಎಯ್ಶೋಜಿ ಎಂಬ ಬೌದ್ಧ ದೇವಾಲಯದ ಆವರಣದಲ್ಲಿ ಹನ್ನೆರಡು ಚಾಪೆಗಳಷ್ಟು ಅಗಲದ ಜಾಗದಲ್ಲಿ ತಮ್ಮದೇ ಶಾಲೆಯನ್ನು ತೆರೆದರು. ಅದೇ ಮುಂದೆ ಜಗತ್ಪ್ರಸಿದ್ಧವಾದ ಕೊದೊಕಾನ್.

ಹಳೆಯ ಜುಜುತ್ಸು ಪಂಥಗಳಲ್ಲಿ ಶಿಷ್ಯನ ಪ್ರಗತಿಗೆ ಕೆಲವೇ ಹಂತಗಳಿದ್ದವು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ಹಲವು ವರ್ಷ ಕಾಯಬೇಕಾಗುತ್ತಿತ್ತು. ತಾನು ಎಷ್ಟು ದೂರ ಬಂದೆನೆಂದು ತಿಳಿಯದೆ ಹುಡುಗರು ಬೇಸತ್ತು ಬಿಟ್ಟುಹೋಗುವುದು ಸಹಜ. ಕಾನೊ ಸ್ವತಃ ಶಿಕ್ಷಣತಜ್ಞರು. 'ಗೊ' ಎಂಬ ಹಲಗೆಯಾಟದ ಆಟಗಾರರಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಮೆಟ್ಟಿಲುಗಳ ಪದ್ಧತಿಯನ್ನು ಅವರು ತಮ್ಮ ಶಾಲೆಗೆ ತಂದು, 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ದಾನ್ ನೀಡಿದರು. ಕರಾಟೆ ಮೊದಲಾದ ವಿದ್ಯೆಗಳು ಇದನ್ನು ಜೂಡೊವಿನಿಂದಲೇ ಪಡೆದವು. ಕಲಿಯುವವನ ಉತ್ಸಾಹ ಕುಂದದಿರಲೆಂದು ಕಟ್ಟಿದ ಮೆಟ್ಟಿಲುಗಳಿವು. ಇದೇ ಮೆಟ್ಟಿಲುಗಳು ಒಬ್ಬ ಸಾಧಕಿಗೆ ಹತ್ತೊಂಬತ್ತು ವರ್ಷಗಳ ಕಾಲ ಗೋಡೆಯಾಗಿ ನಿಂತವು.

ಆಕೆಯ ಹೆಸರು ಕೇಕೊ ಫುಕುದಾ. ಕಾನೊ ಅವರ ಮೊದಲ ಗುರುವಾದ ಹಾಚಿನೊಸುಕೆಯ ಮೊಮ್ಮಗಳು. 1913ರ ಏಪ್ರಿಲ್ 12ರಂದು ತೋಕಿಯೊದಲ್ಲಿ ಜನಿಸಿದ ಈಕೆ ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಅಂದಿನ ಸಂಪ್ರದಾಯದಂತೆ ಹೂ ಜೋಡಿಸುವ ಕಲೆ, ಚಹಾ ಸತ್ಕಾರದ ವಿಧಿ, ಅಂದವಾದ ಬರವಣಿಗೆ ಇವುಗಳನ್ನು ಕಲಿತರು. ವೃದ್ಧರಾಗಿದ್ದ ಕಾನೊ ತಮ್ಮ ಗುರುವಿನ ಋಣವನ್ನು ಮರೆತಿರಲಿಲ್ಲ. 1935ರಲ್ಲಿ ಅವರು ಗುರುವಿನ ಮೊಮ್ಮಗಳನ್ನು ಕೊದೊಕಾನ್‌ನ ಮಹಿಳಾ ವಿಭಾಗಕ್ಕೆ ತಾವಾಗಿ ಆಹ್ವಾನಿಸಿದರು. ತಾಯಿಯೊಡನೆ ನೋಡಲು ಬಂದ ಕೇಕೊ, ಹೆಣ್ಣುಮಕ್ಕಳು ಕಾಲುಗಳನ್ನು ಅಗಲಿಸಿ ನಿಂತು ಒಬ್ಬರನ್ನೊಬ್ಬರು ಎಸೆಯುವುದನ್ನು ಕಂಡು ಬೆಚ್ಚಿದರು. ಮಂಡಿಗಳನ್ನು ಕೂಡಿಸಿ ಕುಳಿತುಕೊಳ್ಳಬೇಕೆಂದು ಕಲಿತ ಮನೆತನದ ಹುಡುಗಿ! ಆದರೂ ಸೇರಿದರು. ಚಿಕ್ಕಪ್ಪನಿಗೆ ಇದು ಹಿಡಿಸಲಿಲ್ಲ. ತಾಯಿ ಮತ್ತು ಅಣ್ಣ ಒಪ್ಪಿದರು. ಜೂಡೊ ಬಲ್ಲ ಒಳ್ಳೆಯ ವರನೊಬ್ಬನು ಅಲ್ಲಿ ದೊರೆಯಬಹುದೆಂಬ ಆಸೆಯೂ ಅವರಿಗಿದ್ದಿತು.

ಆ ಆಸೆ ಫಲಿಸಲಿಲ್ಲ. ಐದು ಅಡಿಗೂ ಕಡಮೆ ಎತ್ತರದ, ನಲವತ್ತೈದು ಕಿಲೋಗ್ರಾಮಿನಷ್ಟೂ ತೂಗದ ಈ ಯುವತಿ ಎರಡೇ ವರ್ಷಗಳಲ್ಲಿ ಇತರರಿಗೆ ಕಲಿಸುವಷ್ಟು ಪರಿಣತಿ ಪಡೆದರು. ಹಿರಿಯರು ಮದುವೆಯ ಮಾತೆತ್ತಿದಾಗ, ಮದುವೆಯಾದರೆ ಜೂಡೊವನ್ನು ಬಿಡಬೇಕೆಂದು ತಿಳಿಯಿತು. ಕೇಕೊ ಮದುವೆಯನ್ನೇ ಬಿಟ್ಟರು. ಇದು ಸುಲಭದ ತೀರ್ಮಾನವಾಗಿರಲಾರದು. ಒಂಟಿಯಾಗಿ ಬಾಳುವ ಹೆಣ್ಣಿಗೆ ಅಂದಿನ ಜಪಾನಿನಲ್ಲಿ ಆಸರೆಯೂ ಕಡಮೆ, ಗೌರವವೂ ಕಡಮೆ. 1938ರಲ್ಲಿ ಕಾನೊ ಹಡಗಿನ ಪ್ರಯಾಣದಲ್ಲಿ ತೀರಿಕೊಂಡರು. ಜೂಡೊವನ್ನು ಹೊರನಾಡುಗಳಿಗೆ ಕೊಂಡೊಯ್ಯಬೇಕೆಂದು ಅವರು ಹೇಳಿದ್ದ ಮಾತು ಶಿಷ್ಯೆಯ ಮನಸ್ಸಿನಲ್ಲಿ ಉಳಿಯಿತು.

ಕೊದೊಕಾನ್‌ನಲ್ಲಿ ಹೆಂಗಸರಿಗೆ ಪಂದ್ಯಗಳಿರಲಿಲ್ಲ. ಗೆದ್ದು ಮೇಲೇರುವ ದಾರಿ ಅವರಿಗೆ ಮುಚ್ಚಿದ್ದರಿಂದ ಅವರು 'ಕಾತಾ' ಎಂಬ ವರಸೆಗಳಲ್ಲಿ ಆಳವಾಗಿ ತೊಡಗಿದರು. ಕೇಕೊ ವಿಶೇಷವಾಗಿ ಸಾಧಿಸಿದ್ದು 'ಜು ನೊ ಕಾತಾ' ಎಂಬ ಮೃದುವರಸೆಯನ್ನು. ಐದೈದರ ಮೂರು ಗುಂಪುಗಳಲ್ಲಿ ಹದಿನೈದು ಪಟ್ಟುಗಳು. ಒಬ್ಬರು ಆಕ್ರಮಿಸುತ್ತಾರೆ, ಇನ್ನೊಬ್ಬರು ಎದುರಿಸದೆ ಬಾಗಿ ಆ ಬಲವನ್ನು ತಿರುಗಿಸುತ್ತಾರೆ. ಯಾರನ್ನೂ ನೆಲಕ್ಕೆ ಎಸೆಯುವುದಿಲ್ಲ. ಎಸೆಯುವ ಅಂಚಿನವರೆಗೆ ಒಯ್ದು ನಿಲ್ಲಿಸುತ್ತಾರೆ. ಅವಸರವಿಲ್ಲದ ಈ ಚಲನೆಯಲ್ಲಿ ಸ್ವಲ್ಪ ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ವೇಗದಲ್ಲಿ ಮುಚ್ಚಿಹೋಗಬಹುದಾದ ದೋಷ ಇಲ್ಲಿ ಮುಚ್ಚಿಹೋಗುವುದಿಲ್ಲ.

1953ರಲ್ಲಿ ಅವರಿಗೆ ಐದನೆಯ ದಾನ್ ದೊರೆಯಿತು. ಆಗ ಅವರ ವಯಸ್ಸು ನಲವತ್ತು. ಅಷ್ಟು ಎತ್ತರಕ್ಕೆ ಏರಿದ ಮಹಿಳೆಯರು ಬೆರಳೆಣಿಕೆಯವರು. ಆದರೆ ಹೆಂಗಸರು ಐದನೆಯ ಮೆಟ್ಟಿಲನ್ನು ದಾಟುವಂತಿಲ್ಲ ಎಂಬ ನಿಯಮ ಅಲ್ಲಿದ್ದಿತು. ಅವರು ಅದೇ ವರ್ಷ ಅಮೆರಿಕೆಯ ಓಕ್‌ಲೆಂಡ್ ನಗರದ ಜೂಡೊ ಸಂಘವೊಂದರ ಕರೆಗೆ ಓಗೊಟ್ಟು ಹೋಗಿ ಎರಡು ವರ್ಷಗಳಷ್ಟು ಕಾಲ ಕಲಿಸಿ ಹಿಂದಿರುಗಿದರು. 1964ರಲ್ಲಿ ತೋಕಿಯೊದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಜೂಡೊ ಮೊದಲ ಬಾರಿಗೆ ಸೇರಿತು; ಗಂಡಸರಿಗೆ ಮಾತ್ರ. ಪದಕಗಳಿಗಾಗಿ ಹೋರಾಟ ನಡೆದ ಆ ಕ್ರೀಡೆಗಳಲ್ಲಿ ಕೇಕೊ ಮತ್ತು ಅವರ ಸಂಗಡಿಗಳಾದ ಮಾಸಾಕೊ ನೊರಿತೊಮಿ ಮೃದುವರಸೆಯನ್ನು ಪ್ರದರ್ಶಿಸಿದರು. ಹೆಂಗಸರು ಪದಕಕ್ಕಾಗಿ ಸ್ಪರ್ಧಿಸಲು 1992ರ ಬಾರ್ಸೆಲೋನ ಕ್ರೀಡೆಗಳವರೆಗೆ ಕಾಯಬೇಕಾಯಿತು.

1966ರಲ್ಲಿ ಕೇಕೊ ಮತ್ತೆ ಕ್ಯಾಲಿಫೋರ್ನಿಯಕ್ಕೆ ಹೋದರು. ಈ ಸಲ ಅಲ್ಲಿಯೇ ನೆಲಸಿದರು. ಮಿಲ್ಸ್ ಕಾಲೇಜಿನಲ್ಲಿ 1967ರಿಂದ 1978ರವರೆಗೆ ಅಧ್ಯಾಪಕಿಯಾಗಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ನಗರದ ತಮ್ಮ ಮನೆಯಲ್ಲಿಯೇ ಪಾಠ ಹೇಳತೊಡಗಿ, ಕಲಿಯುವವರು ಹೆಚ್ಚಿದಾಗ ಜೆನ್ ಪಂಥದ ದೇವಾಲಯವೊಂದರಲ್ಲಿ ಮಹಿಳೆಯರಿಗಾಗಿ ಶಾಲೆ ನಡೆಸಿದರು. ನಮ್ಮ ಗರಡಿಯಂತೆ ಜಪಾನೀಯರಿಗೆ 'ದೊಜೊ'. ಆ ದೊಜೊವಿನಲ್ಲಿ ಅವರ ಕೈಕೆಳಗೆ ಪಳಗಿದವರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದರು. ಗುರು ಮಾತ್ರ ಐದನೆಯದರಲ್ಲಿಯೇ ನಿಂತಿದ್ದರು. ಇದರಲ್ಲಿನ ಅನ್ಯಾಯ ಶಿಷ್ಯೆಯರಿಗೆ ಕಾಣದಿರಲಿಲ್ಲ. ಅಮೆರಿಕೆಯಲ್ಲಿ ಸ್ತ್ರೀಸಮಾನತೆಯ ಚಳವಳಿ ಬಲಗೊಳ್ಳುತ್ತಿದ್ದ ಕಾಲವದು. ನಿಯಮವನ್ನು ಬದಲಿಸಬೇಕೆಂಬ ಒತ್ತಾಯ ತೋಕಿಯೊವನ್ನು ಮುಟ್ಟಿತು. 1972ರಲ್ಲಿ ಕೊದೊಕಾನ್ ಮಣಿಯಿತು. ಕೇಕೊ ಫುಕುದಾ ಹಾಗೂ ಮಾಸಾಕೊ ನೊರಿತೊಮಿ ಆರನೆಯ ದಾನ್ ಪಡೆದ ಮೊದಲ ಮಹಿಳೆಯರಾದರು. ಬಾಗುವುದನ್ನು ಬೋಧಿಸುವ ಸಂಸ್ಥೆ ತಾನು ಬಾಗಲು ತೆಗೆದುಕೊಂಡ ಕಾಲ ಹೆಚ್ಚೇ ಆಯಿತೆನ್ನಬೇಕು.

ಮರುವರ್ಷ ಅವರು ಮಹಿಳೆಯರಿಗಾಗಿ ವರಸೆಗಳ ಪಠ್ಯಗ್ರಂಥವೊಂದನ್ನು ಇಂಗ್ಲಿಷಿನಲ್ಲಿ ಹೊರತಂದರು. ಚಾಪೆಗಾಗಿಯೇ ಹುಟ್ಟಿದವರು ಎಂದು ಅದರ ಹೆಸರಿನ ಭಾವ. 1990ರಲ್ಲಿ ಜಪಾನ್ ಸರಕಾರ ಅವರನ್ನು ಗೌರವಿಸಿತು. 1994ರಲ್ಲಿ ಎಂಟನೆಯ ದಾನ್ ಬಂದಿತು. 2006ರ ಜನವರಿಯಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ, ಕೊದೊಕಾನ್‌ನಿಂದ ಒಂಬತ್ತನೆಯ ದಾನ್ ಪಡೆದರು. ಆ ಅಂತಸ್ತನ್ನು ಮುಟ್ಟಿದ ಮೊದಲ ಮಹಿಳೆ ಅವರೇ. ಹತ್ತನೆಯದನ್ನು 2011ರ ಜುಲೈನಲ್ಲಿ ಅಮೆರಿಕೆಯ ಜೂಡೊ ಸಂಸ್ಥೆ ನೀಡಿತು. ತೋಕಿಯೊದಿಂದ ಅದು ಬರಲಿಲ್ಲ. ಕೊದೊಕಾನ್ ಅದುವರೆಗೆ ಹತ್ತನೆಯ ದಾನ್ ನೀಡಿದ್ದ ಹದಿನೈದು ಮಂದಿಯೂ ಪುರುಷರು.

ಅಷ್ಟು ಹೊತ್ತಿಗೆ ಅವರ ಮಂಡಿಗಳು ಸೋತಿದ್ದವು. ಆದರೂ ವಾರದಲ್ಲಿ ಹಲವು ದಿನ ತಪ್ಪದೆ ದೊಜೊಗೆ ಬರುತ್ತಿದ್ದರು. ಚಾಪೆಯ ಅಂಚಿನಲ್ಲಿ ಕುಳಿತು, ಶಿಷ್ಯೆಯೊಬ್ಬಳ ಪಾದ ಅಂಗುಲದಷ್ಟು ಆಚೆ ಬಿದ್ದರೂ ಕೈಯೆತ್ತಿ ತಿದ್ದುತ್ತಿದ್ದರು. ದೃಢರಾಗಿರಿ, ಸೌಮ್ಯರಾಗಿರಿ, ಸುಂದರರಾಗಿರಿ ಎಂಬುದು ಅವರು ಕಲಿಯುವವರಿಗೆ ಹೇಳುತ್ತಿದ್ದ ಮಾತು. ಗುರುವಿನ ಗುರುವಾಗಿದ್ದ ತಾತನ ಮೊಮ್ಮಗಳು 2013ರ ಫೆಬ್ರವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಧನರಾದರು. ನೂರು ತುಂಬಲು ಎರಡು ತಿಂಗಳು ಉಳಿದಿದ್ದವು.